ಮೂಡಲಗಿಗೆ ನಾನು ಬರೆಯದ ನಿಯಮ

ರೇಷ್ಮಾ, ಆ ರೈತರ ಹೆಸರುಗಳನ್ನು ನುಂಗಿದ್ದು ನಾನು. ನೀನು ಬರೆದಿದ್ದೆ — ಒಂದೂ ಬಿಡದೆ ಬರೆದಿದ್ದೆ. ಗೊತ್ತಿದ್ದೂ ನಾನು...

ಗೋಕಾಕದ ಆ ಕಬ್ಬು ನೋಂದಣಿ ಕಚೇರಿಯಲ್ಲಿ ಕಂಪ್ಯೂಟರಿನ ಶಾಸನಕರ್ತ ನಾನೇ. ಕೌಂಟರಿನಲ್ಲಿ ಕೂತು ನೀನು ಹೆಸರು ತುಂಬುತ್ತಿದ್ದ ಪರದೆ ಬರೀ ಒಂದು ‘ವ್ಯೂ’ — ಕಿಟಕಿ. ಕಿಟಕಿಯಲ್ಲಿ ಏನೂ ಉಳಿಯುವುದಿಲ್ಲ. ತುಂಬಿದ್ದು ಅದರ ಹಿಂದಿನ ಕೋಷ್ಟಕಗಳಿಗೆ ಹೋಗಬೇಕು. ಅದಕ್ಕೆ ನಾನು ನಿಯಮ ವಿಧಿಸಿದ್ದೆ: ತಾಲ್ಲೂಕು ಗೋಕಾಕವಾದರೆ ಈ ಕೋಷ್ಟಕಕ್ಕೆ, ಹುಕ್ಕೇರಿಯಾದರೆ ಆ ಕೋಷ್ಟಕಕ್ಕೆ. ಷರತ್ತಿಲ್ಲದ ನಿಯಮವೂ ಒಂದಿರಲೇಬೇಕೆಂದು ಯಂತ್ರ ಹಟ ಹಿಡಿಯಿತು. ಬರೆದೆ — ಬೇರೇನೇ ಬಂದರೂ ಎಲ್ಲೂ ಸೇರಿಸಬೇಡ, ತಪ್ಪೆಂದೂ ಹೇಳಬೇಡ, ಸುಮ್ಮನಿರು.

ಆಮೇಲೆ ಸರ್ಕಾರ ಮೂಡಲಗಿಯನ್ನು ತಾಲ್ಲೂಕು ಮಾಡಿತು. ನಾನು ಮಾತ್ರ ಇನ್ನೂ ಮಾನ್ಯತೆ ಕೊಟ್ಟಿರಲಿಲ್ಲ. ಹಳೆಯ ರೂಢಿಯಂತೆ ನಾವೆಲ್ಲ ಆ ಊರುಗಳಿಗೂ ಗೋಕಾಕ ಎಂದೇ ತುಂಬುತ್ತಿದ್ದೆವು. ಹೊಸಬಳಾದ ನಿನಗೆ ಅದನ್ನು ಯಾರೂ ಹೇಳಲಿಲ್ಲ. “ಮೂಡಲಗಿ ಅಂತ ಬರಿಯವ್ವಾ, ಈಗ ನಮಗೂ ತಾಲೂಕ ಬಂದೈತಿ! ಗೋಕಾಕದವರ ಬಾಲ ಎಷ್ಟ್ ದಿನ ಹಿಡಕೊಂಡ ಹೋಗೂದು?” ಎಂದು ಮೀಸೆ ತಿರುವಿದ ಅಜ್ಜನ ಹೆಸರನ್ನು ನೀನು ನಕ್ಕು ಹಾಗೆಯೇ ತುಂಬಿದೆ. ಯಂತ್ರ ಸುಮ್ಮನಿತ್ತು — ನನ್ನ ಆಜ್ಞೆಯಂತೆ.

ಕಟಾವಿನ ಸರದಿ ಪಟ್ಟಿ ಹಚ್ಚಿದ ದಿನ ಅದರಲ್ಲಿ ಅಜ್ಜನೂ ಇಲ್ಲ, ಅವನ ಹಿಂದೆ ಪಾಳಿ ನಿಂತಿದ್ದವರೂ ಇಲ್ಲ. ಗದ್ದಲವೆದ್ದಿತು. ಮ್ಯಾನೇಜರರು ನನ್ನ ಮುಖ ನೋಡಿದರು.

“ಮಷಿನ್ ತಪ್ಪಂಗಿಲ್ರಿ ಸಾಹೇಬ್ರ,” ಎಂದೆ. “ಹುಡುಗಿ ಬರದೇ ಇಲ್ಲ.”

“ಕಾಕಾ, ಅಲ್ಲಾನ ಆಣಿ, ಬರದೇನ್ರಿ. ನೀವರ ಹೇಳ್ರಿ!”

ಆಗ ನನಗೆ ಗೊತ್ತಿರಲಿಲ್ಲ — ಎಂದು ಬರೆಯಲು ಕೈ ಹೋಗುತ್ತದೆ. ಸುಳ್ಳು. ಬೆಳಿಗ್ಗೆಯೇ ನಿಯಮ ತೆರೆದು ನೋಡಿದ್ದೆ.

ರೈತರು ಮತ್ತೆ ಹೆಸರು ಹಚ್ಚಿಸಿದರು. ತಡವಾದರೂ ಅವರ ಕಬ್ಬು ಹೋಯಿತು. ನೀನು ಕೆಲಸಗಳ್ಳಿ ಎಂಬ ಹೆಸರು ಹೊತ್ತು ಬೆಲ್ಲದ ಬಾಗೇವಾಡಿಗೆ ಮರಳಿದೆ. ಗದ್ದಲವೆದ್ದ ದಿನ ಮಧ್ಯಾಹ್ನವೇ ನಾನು ಮೂಡಲಗಿಗೊಂದು ನಿಯಮ ಸೇರಿಸಿದ್ದೆ. ಒಂದೇ ನಿಯಮ. ಮ್ಯಾನೇಜರರು ನನ್ನ ಚುರುಕುತನ ಹೊಗಳಿ ಚಹಾ ತರಿಸಿದರು — ಕುಡಿದೆ.

ಮೊನ್ನೆ ಕೇಳಿದೆ: ಹುಕ್ಕೇರಿಯ ಕಚೇರಿಯೊಂದು ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದೇ ಎಂದು ನಮ್ಮ ಮ್ಯಾನೇಜರರನ್ನು ವಿಚಾರಿಸಿತ್ತಂತೆ. ಅವರು ಹೇಳಿದ್ದು ನನ್ನ ಮಾತನ್ನೇ. ಇಷ್ಟು ವರ್ಷದ ಮೇಲೂ ಅದು...

ಇಂದು ಎರಡೂ ಕಚೇರಿಗೆ ಹೋದೆ. ತಪ್ಪು ನನ್ನದೆಂದು ಎಲ್ಲರೆದುರು ಹೇಳಿ, ಸಹಿ ಹಾಕಿ ಬರೆದೂ ಕೊಟ್ಟೆ. ಹುಕ್ಕೇರಿಯ ಗುಮಾಸ್ತರು ಪೂರ್ತಿ ಓದಿ, ಕಾಗದ ಮಡಿಚಿ ಇಟ್ಟರು.

“ಆ ಜಾಗಾ ಹೋದ ತಿಂಗಳನ ತುಂಬೇತ್ರಿ.”