ಅರ್ಧ ಬೆಂಕಿಕಡ್ಡಿ ಎತ್ತರದ ಜನ

ಮೊನ್ನೆ ಬಸ್‌ಸ್ಟ್ಯಾಂಡಿನ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನಲ್ಲಿ ಮೈಲುತುತ್ತ ಹಾಕಿ ಕಾಯಿಸಿದ ಮೈದಾ ಅಂಟು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಮುಂದಿನ ಎರಡು ಹಲ್ಲಿಲ್ಲದ ಜಾಗ ಅದು. ಎಂಬತ್ತರ ಹತ್ತಿರ ಬಂದವನಿಗೆ ಹಲ್ಲಿಲ್ಲದಿರುವುದೇನೂ ದೊಡ್ಡ ಸಂಗತಿಯಲ್ಲ. ಆದರೆ ನನ್ನವು ವಯಸ್ಸಾಗಿ ಬಿದ್ದವಲ್ಲ, ಕಬ್ಬಿಣದ ಕುರ್ಚಿಯ ಏಟಿಗೆ ಬಿದ್ದವು. ಆ ವಾಸನೆಯ ಜೊತೆಗೇ ನೆನಪಾದವರು ನಮ್ಮೂರ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಎದುರು ಸಾಲಿನ ಹಿಂದೆ ಮೇಷ್ಟ್ರ ಮನೆ. ಅವರು, ಅವರ ತಮ್ಮ, ಇಬ್ಬರೇ. ತಮ್ಮನಿಗೆ ರೈಲ್ವೆ ಗೇಟು ಕಾಯುವ ಕೆಲಸ. ಮೇಷ್ಟ್ರು ನಡುಮನೆಯಲ್ಲಿ ಎರಡು ಹಳೇ ಬಾಗಿಲುಗಳನ್ನು ಜೋಡಿಸಿ, ಅದರ ಮೇಲೆ ಒಂದು ಪುಟ್ಟ ರೈಲುದಾರಿ ಮಾಡಿದ್ದರು. ಡಬ್ಬಿಯ ತಗಡು ಕತ್ತರಿಸಿದ ಹಳಿ, ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು ಕೂರಿಸಿದ ಇಂಜಿನ್ನು. ಬ್ಯಾಟರಿಗೆ ತಂತಿ ಮುಟ್ಟಿಸಿದರೆ ಜುಯ್ಯೆಂದು ಸುತ್ತುತ್ತಿತ್ತು.

ಮೇಷ್ಟ್ರಿಗೆ ರೈಲಿಗಿಂತ ರೈಲಿನ ಪಕ್ಕದ ಊರಿನ ಹುಚ್ಚು ಹೆಚ್ಚು. ಬಲ್ಬಿಗೆ ಸುತ್ತಿ ಬರುವ ನೆರಿಗೆ ರಟ್ಟಿನಲ್ಲಿ ಹೆಂಚಿನ ಚಾವಣಿ ಮಾಡುತ್ತಿದ್ದರು. ಊದುಬತ್ತಿ ಕಡ್ಡಿಯಲ್ಲಿ ದೀಪದ ಕಂಬ, ಗೋಡೆಯ ಮೇಲೆ ಮಳೆಯ ಕಲೆ ಬೇಕೆಂದರೆ ಟೀ ಡಿಕಾಕ್ಷನ್. ರಸ್ತೆಗೆ ನಮ್ಮ ರಸ್ತೆಯದೇ ಮಣ್ಣು, ಹಳೇ ಪಂಚೆಯಲ್ಲಿ ಸೋಸಿ, ಮೈಲುತುತ್ತ ಹಾಕಿದ ಅದೇ ಮೈದಾ ಅಂಟಿನ ಮೇಲೆ ಉದುರಿಸಿದ್ದು. ಮನುಷ್ಯನೆಂದರೆ ಅರ್ಧ ಬೆಂಕಿಕಡ್ಡಿ ಎತ್ತರ. ತಾಮ್ರದ ತಂತಿಗೆ ಮೇಣ ಮೆತ್ತಿ, ಮೇಲೊಂದು ಚೂರು ಬಟ್ಟೆ. ಆ ಚೂರುಗಳನ್ನು ಕೊಡುತ್ತಿದ್ದವನು ನಾನು. ಗೇಟಿನ ಪಕ್ಕ ನೀಲಿ ಅಂಗಿ ತೊಟ್ಟು ತಮ್ಮನೂ ನಿಂತಿದ್ದ. ಅವನು ಸಂಜೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ದೂರು ಹೇಳುತ್ತಿದ್ದ. "ನೋಡು ಟೈಲರಣ್ಣ, ಇಡೀ ಊರು ಮಾಡಿದಾನೆ, ನನ್ನ ಕೈಗೊಂದು ಬಾವುಟ ಕೊಟ್ಟಿಲ್ಲ. ಸಸ್ಪೆಂಡ್ ಮಾಡ್ತಾರೆ ನನ್ನ."

ಒಂದು ಮಧ್ಯಾಹ್ನ ನಮ್ಮ ಸಾಲಿನ ಸೈಕಲ್ ಶಾಪಿನವನ ಅಕ್ಕನಿಗೆ ಹೊಲದಲ್ಲಿ ಹಾವು ಕಚ್ಚಿತು. ಅದರ ಮದ್ದಿಗೆ ತರೀಕೆರೆಗೇ ಹೋಗಬೇಕಿತ್ತು. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಮಲಗಿಸಿಕೊಂಡು ಬಂದರೆ ಗೇಟು ಹಾಕಿದೆ. ಗೂಡ್ಸ್ ಗಾಡಿ ಬರುತ್ತಿದೆಯೆಂದು ಫೋನು ಬಂದ ಮೇಲೆ ಅದು ದಾಟುವವರೆಗೆ ಗೇಟು ತೆಗೆಯುವಂತಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಗಾಡಿಯ ಸುಳಿವಿಲ್ಲ. ಹೊತ್ತುಕೊಂಡು ಗೇಟು ನುಸುಳೋಣವೆಂದರೆ ಆ ಕಡೆ ಯಾವ ಗಾಡಿಯೂ ಇರಲಿಲ್ಲ. ಗೇಟಿನಲ್ಲಿದ್ದ ಮೇಷ್ಟ್ರ ತಮ್ಮ ಫೋನಿನ ಹಿಡಿ ತಿರುಗಿಸಿ ತಿರುಗಿಸಿ, "ತೆಗೀಲಾ ಸಾರ್, ತೆಗೀಲಾ ಸಾರ್" ಎಂದು ಕೇಳುತ್ತಲೇ ಇದ್ದನಂತೆ. ಅಪ್ಪಣೆ ಬರಲಿಲ್ಲ. ಹೆಂಗಸು ಬಾಯಲ್ಲಿ ನೊರೆ ಬಂದು ಟ್ರೈಲರಿನಲ್ಲೇ ಸತ್ತಳು. ಅವಳು ಸತ್ತ ಮೇಲೆ ಗೂಡ್ಸ್ ಬಂತು.

ಸುದ್ದಿ ಕೇಳಿ ಸೈಕಲ್ ಶಾಪಿನವನು ಗಾಳಿ ಹೊಡೆಯುವ ಪಂಪನ್ನೇ ಹಿಡಿದುಕೊಂಡು ಗೇಟಿನ ಕಡೆ ಓಡಿದ. ಟ್ರ್ಯಾಕ್ಟರಿನವರು ಕಲ್ಲು ಎತ್ತಿಕೊಂಡರು. ಅವರಿಗಾದರೂ ಹೊಟ್ಟೆಯ ಸಂಕಟವಿತ್ತು. ನಮ್ಮ ರಸ್ತೆಯ ಜನಕ್ಕೆ ಏನು ಬಂದಿತ್ತು ಧಾಡಿ? ನಿನ್ನೆ ಮೇಷ್ಟ್ರ ತಮ್ಮನ ಜೊತೆ ಟೀ ಕುಡಿದವರು ಇವತ್ತು "ಹಿಡೀರಿ ಅವನ್ನ" ಎಂದು ಕೂಗಿಕೊಂಡು ಹಿಂದೆ ಬಿದ್ದರು. ಅವನು ಸ್ಟೇಷನ್ ರಸ್ತೆಗೆ ನುಗ್ಗಿ ಓಡಿದ. ಆಗಲೇ ತಲೆ ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಮನೆಗೆ ತಿರುಗುವ ಸಂದಿಯ ಬಾಯಲ್ಲಿ ಏನೋ ಅಡ್ಡ ಸಿಕ್ಕಿ, ಅವನು ತಿರುಗಿ ನನ್ನ ಅಂಗಡಿಯ ಕಡೆ ಬಂದ.

ನಾನು ನೋಡಿದೆ. ಅವನೂ ನನ್ನನ್ನು ನೋಡಿದ. ನನ್ನ ಕೈ ಸೇದಿಹೋಗ, ನಾನು ಎರಡೂ ಬಾಗಿಲು ಎಳೆದು ಅಗಳಿ ಹಾಕಿದೆ.

"ಟೈಲರಣ್ಣಾ, ತೆಗಿಯಣ್ಣಾ, ನಾನು ಕಣಣ್ಣಾ" ಎಂದ. ಎರಡೂ ಅಂಗೈಯಲ್ಲಿ ಬಾಗಿಲು ಬಡಿದ. ನಾನು ಕತ್ತರಿ ಹಿಡಿದುಕೊಂಡು ಬಾಗಿಲಿನಿಂದ ಒಂದು ಗೇಣು ದೂರದಲ್ಲಿ ನಿಂತಿದ್ದೆ. ಆಮೇಲೆ ಹೊಡೆತ ಶುರುವಾಯಿತು. ಕಲ್ಲಿನ ಏಟಿನ ಸದ್ದು ಬೇರೆ, ಕಬ್ಬಿಣದ ಏಟಿನ ಸದ್ದು ಬೇರೆ. ಮೂಳೆ ಮುರಿದಾಗ ಹಸಿ ಕಬ್ಬು ಮುರಿದಂತಾಗುತ್ತದೆ. ಅವನ ತಲೆ ನನ್ನ ಬಾಗಿಲಿಗೆ ಬಡಿದಾಗೆಲ್ಲ ಅಗಳಿ ಅಲುಗುತ್ತಿತ್ತು. ಅದು ಕಳಚಿಬಿಟ್ಟೀತೆಂದು ನಾನು ಕೈಯಲ್ಲಿ ಒತ್ತಿ ಹಿಡಿದುಕೊಂಡೆ. ಇಷ್ಟು ಬರೆದ ಮೇಲೆ ಇದನ್ನೂ ಬರೆಯಬೇಕು: ಆ ಹೊತ್ತಿನಲ್ಲಿ ಅವನು ಬೇಗ ಸುಮ್ಮನಾಗಲಿ ಎಂದೇ ನಾನು ಬೇಡಿಕೊಂಡದ್ದು. ಸುಮ್ಮನಾದ. ಹೊಸ್ತಿಲ ಕೆಳಗಿನಿಂದ ರಕ್ತ ಒಳಗೆ ಬಂದು ಮಿಷನ್ನಿನ ಪೆಡಲಿನವರೆಗೆ ಹರಿಯಿತು.

ಪೊಲೀಸರು ಬಂದರು. ಸ್ಟೇಷನ್ ರಸ್ತೆಯ ಅಷ್ಟೂ ಅಂಗಡಿಯವರು ಆವತ್ತು ಒಂದೇ ಹೊತ್ತಿಗೆ ಊಟಕ್ಕೆ ಹೋಗಿದ್ದೆವು, ಎಂಥ ಒಗ್ಗಟ್ಟು ನೋಡಿ. ನಾನಂತೂ ಬೀರೂರಿಗೇ ಹೋಗಿದ್ದೆ. ಯಾರೂ ಏನೂ ನೋಡಿರಲಿಲ್ಲ. ಕೇಸು ಅಲ್ಲಿಗೇ ನಿಂತಿತು.

ಎರಡು ತಿಂಗಳು ಮೇಷ್ಟ್ರು ಯಾರೊಂದಿಗೂ ಮಾತಾಡಲಿಲ್ಲ. ಆಮೇಲೊಂದು ದಿನ ಕೈಯಲ್ಲಿ ಪುಟ್ಟದೊಂದು ಹೋಟೆಲು ಹಿಡಿದುಕೊಂಡು ರಸ್ತೆಗೆ ಬಂದರು. ಹೋಟೆಲಿನವನ ಮುಂದೆ ಅದನ್ನಿಟ್ಟು, "ನಿನ್ನ ಹೋಟ್ಲು ಸರಿಯಾಗಿದ್ಯಾ ನೋಡಪ್ಪ" ಎಂದರು. ಅವನು ಹೆದರಿದವನು, ನೋಡಿದ ಮೇಲೆ ಹಿಗ್ಗಿಹೋದ. ಬೋರ್ಡಿನ ಅಕ್ಷರ, ಒಲೆಯ ಹೊಗೆಗೆ ಕಪ್ಪಾದ ಗೋಡೆ, ಎಲ್ಲ ಇತ್ತು. ನಮ್ಮ ಜನ ಗೊತ್ತಲ್ಲ, ಸಾಕ್ಷಿ ಹೇಳು ಎಂದರೆ ಬಾಯಿ ಹೊಲಿದುಕೊಳ್ಳುತ್ತಾರೆ. ಅಂಗಡಿಯ ಬಣ್ಣ ತಪ್ಪಾಯಿತೆಂದರೆ ಮಾತ್ರ ಸಹಿಸಲಾರರು.

"ಎಲ್ಲಾ ಸರಿ ಮೇಷ್ಟ್ರೇ, ಬೆಂಚು ಮಾತ್ರ ಇಲ್ಲಲ್ಲ," ಎಂದ.

"ಆವತ್ತು ಎಲ್ಲಿತ್ತು?"

"ಆವತ್ತಾ... ಸಂದಿ ಬಾಯಿಗೆ ಅಡ್ಡ ಇತ್ತು. ಯಾರೋ ಎತ್ತಿಟ್ರು." ಹೇಳಿದ ಮೇಲೆ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದ.

ಹೀಗೇ ಒಂದೊಂದೇ ಅಂಗಡಿ. ಮೇಷ್ಟ್ರು ಕೊಲೆಯ ಮಾತೆತ್ತುತ್ತಿರಲಿಲ್ಲ. ತಗಡಿನ ಮಾಡು ಎಷ್ಟು ಮುಂದಕ್ಕಿತ್ತು, ನೀನು ಕಂಬದ ಈ ಕಡೆ ನಿಂತಿದ್ದೆಯೋ ಆ ಕಡೆಯೋ, ಇಷ್ಟೇ. ಪ್ರತಿಯೊಬ್ಬನೂ ತನ್ನದನ್ನು ತಿದ್ದುವ ಭರದಲ್ಲಿ ಪಕ್ಕದವನದನ್ನೂ ಹೇಳಿಬಿಡುತ್ತಿದ್ದ. ಸೈಕಲ್ ಶಾಪಿನವನನ್ನೂ ಕೇಳಿದರು, "ಪಂಪು ಬಾಗಿಲ ಎಡಕ್ಕೋ ಬಲಕ್ಕೋ?" ಅವನು, "ಯಾವಾಗ್ಲೂ ಎಡಕ್ಕೆ. ಆವತ್ತೊಂದಿನ ಇರ್ಲಿಲ್ಲ ಬಿಡಿ," ಎಂದ. ಎಲ್ಲವೂ ಮೇಷ್ಟ್ರ ನೋಟ್‌ಬುಕ್ಕಿಗೆ ಹೋಗುತ್ತಿತ್ತು.

ನನ್ನ ಹತ್ತಿರ ಬಂದದ್ದು ಕೊನೆಗೆ. ಮೊದಲು ಚೂರು ಬಟ್ಟೆ ಕೇಳಿದರು. ಹೋಟೆಲಿನವನ ಚೌಕಳಿ ಅಂಗಿಯದು, ಸೈಕಲ್ ಶಾಪಿನವನ ಬೂದು ಅಂಗಿಯದು, ಅವನ ಅಕ್ಕನ ಹಸಿರು ರವಿಕೆಯದು. ಎಲ್ಲ ನಾನೇ ಹೊಲಿದದ್ದು, ಚೂರುಗಳೆಲ್ಲ ಗೋಣಿಚೀಲದಲ್ಲಿದ್ದವು. ಯಾಕೆಂದು ನನಗೆ ಅರ್ಥವಾಯಿತು. ಆದರೂ ಚೂರುಗಳನ್ನು ಆರಿಸಿ ಕೊಟ್ಟೆ.

"ಯಾಕೆ ಮೇಷ್ಟ್ರೇ ಇದೆಲ್ಲ?" ಎಂದೆ.

"ಎಲ್ಲಿಂದ ಎಲ್ಲಿಗೆ ಓಡಿದ ಅಂತ ತಿಳ್ಕೋಬೇಕು ಕಣಯ್ಯಾ. ಅಷ್ಟೇ." ಆಮೇಲೆ ನನ್ನ ಅಂಗಡಿಯನ್ನು ಮೇಜಿನ ಮೇಲಿಟ್ಟರು. "ಬಾಗಿಲು ಹೆಂಗಿತ್ತು?"

ಹೇಳಬಹುದಿತ್ತು. ಆ ರಟ್ಟಿನ ಬಾಗಿಲು ನನ್ನ ಹೆಬ್ಬೆರಳಿನಷ್ಟಿತ್ತು. ಅದನ್ನು ಮುಚ್ಚಿ ತೋರಿಸಿದ್ದರೂ ಸಾಕಿತ್ತು.

"ಬೀಗ ಹಾಕಿತ್ತು ಮೇಷ್ಟ್ರೇ. ನಾನು ಬೀರೂರಿಗೆ ಹೋಗಿದ್ದೆ."

ಅವರು ಅದನ್ನು ಬರೆದುಕೊಳ್ಳಲಿಲ್ಲ. ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋದರು. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ. ನಾನು ಒಳಗೇ ಇದ್ದೆನೆಂದು ಯಾರಾದರೂ ಹೇಳಿರುತ್ತಾರೆ, ಊರ ಮುಂದೆ ನನ್ನ ಬಾಗಿಲು ಮುಚ್ಚಿಕೊಂಡು ನಿಂತಿರುತ್ತದೆ, ಇದೊಂದೇ ಯೋಚನೆ.

ಹೈಸ್ಕೂಲಿನ ವಸ್ತುಪ್ರದರ್ಶನದ ದಿನ ಸ್ಟೇಷನ್ ರಸ್ತೆಯ ಅರ್ಧಕ್ಕರ್ಧ ಜನ ತಮ್ಮ ತಮ್ಮ ಅಂಗಡಿ ನೋಡಲು ಹೋದರು. ನಾನೂ ಹೋದೆ. ಎರಡು ಬಾಗಿಲ ಅಗಲದ ಹಲಗೆಯ ಮೇಲೆ ನಮ್ಮ ಇಡೀ ರಸ್ತೆ. ಸೋರುವ ನಲ್ಲಿಯ ಕೆಳಗಿನ ಒದ್ದೆಯನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಮೊದಲು ಎಲ್ಲರೂ ನಕ್ಕರು, ಅಗೋ ನನ್ನ ಬೋರ್ಡು, ಇಗೋ ನಿನ್ನ ಬೆಂಚು ಎಂದು ಕೈತೋರಿಸಿದರು. ಆಮೇಲೆ ಒಬ್ಬೊಬ್ಬರೇ ಕೈ ಹಿಂದಕ್ಕೆ ಎಳೆದುಕೊಂಡರು. ಜನರನ್ನು ಮೇಷ್ಟ್ರು ಹಿಂದಿನ ದಿನವಷ್ಟೇ ನಿಲ್ಲಿಸಿದ್ದರು. ಒಬ್ಬೊಬ್ಬರಿಗೂ ಅವರವರದೇ ಅಂಗಿ. ಯಾರ ಕೈಯಲ್ಲಿ ಕಲ್ಲು, ಯಾರು ಬೆಂಚಿನ ಎರಡು ತುದಿ ಹಿಡಿದವರು, ಯಾರು ಸುಮ್ಮನೆ ಕೈಕಟ್ಟಿ ನೋಡಿದವರು, ಎಲ್ಲ ಅರ್ಧ ಕಡ್ಡಿ ಎತ್ತರದಲ್ಲಿ ನಿಂತಿತ್ತು. ಗೇಟಿನ ಆಚೆ ಗೂಡ್ಸ್ ಗಾಡಿ ಜುಯ್ಯೆಂದು ಸುತ್ತುತ್ತಿತ್ತು.

ಸೈಕಲ್ ಶಾಪಿನವನು ಬಹಳ ಹೊತ್ತು ಬಗ್ಗಿ ನೋಡಿದ. ಪಂಪು ಹಿಡಿದ ಬೂದು ಅಂಗಿಯನ್ನು ನೋಡಿದ. ಗೇಟಿನ ಹತ್ತಿರದ ಟ್ರೈಲರನ್ನು ನೋಡಿದ. ಅದರಲ್ಲಿ ಹಸಿರು ರವಿಕೆಯ ತುಂಡು ಮಲಗಿತ್ತು.

"ಅಕ್ಕನ್ನ ಯಾಕ್ ಮಲಗಿಸಿದೀರಿ ಇಲ್ಲಿ?" ಎಂದ, ಮೆಲ್ಲಗೆ.

"ಅಲ್ಲೇ ಅಲ್ವೇನಪ್ಪಾ ಇದ್ದದ್ದು ಅವಳು?" ಎಂದರು ಮೇಷ್ಟ್ರು.

ಅವನು ಪಕ್ಕದಲ್ಲಿದ್ದ ಕಬ್ಬಿಣದ ಮಡಿಸುವ ಕುರ್ಚಿ ಎತ್ತಿ ಹಲಗೆಯ ಮೇಲೆ ಹೊಡೆದ. ಮೊದಲ ಏಟಿಗೆ ಹೋಟೆಲು ಹೋಯಿತು, ಎರಡನೆಯದಕ್ಕೆ ಗೇಟು. ಮೂರನೆಯದು ಮೇಷ್ಟ್ರ ಮುಖಕ್ಕೆ. ಮೂಗು ಒಡೆದು ರಕ್ತ ಬುಳಕ್ಕನೆ ಬಂತು. ಅವರು ಬಿದ್ದ ಮೇಲೂ ಅವನು ನಿಲ್ಲಿಸಲಿಲ್ಲ, ಎದೆಗೆ, ಪಕ್ಕೆಗೆ, ಕೈಗೆ. ಅಷ್ಟು ಜನ ಗೋಡೆಗೆ ಒರಗಿ ನಿಂತು ನೋಡಿದರು. ಅದೇ ಜನ, ಕೈಕಟ್ಟಿಕೊಂಡು ನಿಲ್ಲುವ ಅದೇ ಭಂಗಿ. ನನಗೆ ಏನಾಯಿತೋ ಗೊತ್ತಿಲ್ಲ, ಹೋಗಿ ಮೇಷ್ಟ್ರ ಮೇಲೆ ಬಿದ್ದೆ. ಧೈರ್ಯ ಗೀರ್ಯ ಎಂದು ಯಾರೂ ಹೇಳಬೇಡಿ. ಬಾಗಿಲು ಬಡಿಯುವ ಸದ್ದನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಕುರ್ಚಿಯ ಅಂಚು ನನ್ನ ಬಾಯಿಗೆ ಬಿತ್ತು. ಅವನ ಕೈ ಸಿಕ್ಕಿತು, ಉಳಿದ ಹಲ್ಲಿನಲ್ಲಿ ಮಾಂಸ ಕಿತ್ತು ಬರುವ ಹಾಗೆ ಕಚ್ಚಿದೆ. ಅವನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಅಕ್ಕನ ಹೆಸರು ಹಿಡಿದು ಅಳತೊಡಗಿದ. ಸ್ವಲ್ಪ ಹೊತ್ತಿಗೆ ಎದ್ದು, ಯಾರೂ ಹಿಡಿಯದೆ, ತಾನೇ ಠಾಣೆಗೆ ನಡೆದ. ಅಲ್ಲಿ ಎಲ್ಲವನ್ನೂ ಹೇಳಿದನಂತೆ. ಅವನಿಗೂ ಇನ್ನಿಬ್ಬರಿಗೂ ಜೈಲಾಯಿತು. ಬೆಂಚು ಇಟ್ಟವರಿಗೆ ಏನೂ ಆಗಲಿಲ್ಲ. ಅಗಳಿ ಹಾಕಿದವನಿಗೂ.

ಜನ ಚದುರಿದ ಮೇಲೆ ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ನಾನು ಪಂಚೆಯ ತುದಿಯಲ್ಲಿ ಬಾಯಿ ಒತ್ತಿಕೊಂಡು ಚೂರುಗಳನ್ನು ಆರಿಸುತ್ತಿದ್ದೆ. ನನ್ನ ಅಂಗಡಿ ಹಲಗೆಯ ಮೂಲೆಯಲ್ಲಿ ಪೆಟ್ಟಾಗದೆ ಉಳಿದಿತ್ತು. ಬಗ್ಗಿ ನೋಡಿದೆ. ಬಾಗಿಲು ಮುಚ್ಚಿರಲಿಲ್ಲ, ಬೀಗವೂ ಇರಲಿಲ್ಲ. ಎರಡೂ ಹಾರು ಹೊಡೆದಿದ್ದವು. ಒಳಗೆ, ಮಿಷನ್ನಿನ ಪಕ್ಕದಲ್ಲಿ, ನೀಲಿ ಅಂಗಿಯ ಅರ್ಧ ಕಡ್ಡಿ ಮನುಷ್ಯ ಕೂತಿದ್ದ.

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಾನು ಬೀರೂರಿಗೆ ಹೋಗಿರ್ಲಿಲ್ಲ. ಒಳಗೇ ಇದ್ದೆ. ನಾನೇ ಅಗಳಿ ಹಾಕಿದ್ದು," ಎಂದೆ.

"ಗೊತ್ತು. ನಿನ್ನ ಹತ್ರ ಬರೋಕೆ ಮೊದ್ಲೇ ಹೋಟ್ಲಿನವನು ಹೇಳಿದ್ದ."

"ಮತ್ತೆ ಇದ್ಯಾಕೆ ಹಿಂಗೆ ಮಾಡಿದ್ರಿ?"

ಅವರು ಮೂಗಿನ ರಕ್ತ ಒರೆಸಿಕೊಂಡರು. "ಎಲ್ಲಾ ಇದ್ದಂಗೇ ಮಾಡ್ತಾ ಬಂದೆ ಕಣಯ್ಯಾ. ನಿನ್ನ ಬಾಗಿಲ ಹತ್ರ ಬಂದಾಗ ಕೈ ಬರ್ಲಿಲ್ಲ. ಇಲ್ಲಾದ್ರೂ ಒಳಗೆ ಹೋಗ್ಲಿ ಅಂತ..."

ಆ ಮಾತನ್ನು ನಾನು ಕ್ಷಮೆ ಎಂದುಕೊಂಡೆ. ಎಷ್ಟು ದಡ್ಡ ನಾನು. ಅದು ತಮ್ಮನಿಗಾಗಿ ಮಾಡಿದ್ದು, ನನಗಾಗಿ ಅಲ್ಲ. ಆಮೇಲೆ ಅವರು ಊರಲ್ಲಿದ್ದಷ್ಟು ದಿನವೂ ನನ್ನ ಅಂಗಡಿಯ ಮುಂದೆಯೇ ಶಾಲೆಗೆ ಹೋಗುತ್ತಿದ್ದರು. ನಮಸ್ಕಾರ ಹೇಳಿದರೆ ನಮಸ್ಕಾರ ಎನ್ನುತ್ತಿದ್ದರು. ಅಂಗಿ ಮಾತ್ರ ಕಡೂರಿನಲ್ಲಿ ಹೊಲಿಸುತ್ತಿದ್ದರು. ಅದಕ್ಕೆ ಮೊದಲು ಅವರ ಒಂದೇ ಒಂದು ಅಂಗಿಯೂ ಬೇರೆಯವರ ಕೈಗೆ ಹೋಗಿರಲಿಲ್ಲ. ವರ್ಗವಾದಾಗಲೂ ಹೇಳಿ ಹೋಗಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕಡೂರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಬಸ್ಸು ಹತ್ತಿ ಹೋದೆ. ಜಗಲಿಯ ಮೇಲೆ ಮಲಗಿಸಿದ್ದರು. ಮೂಗು ಆವತ್ತಿನಿಂದ ಸೊಟ್ಟಗೇ ಉಳಿದಿತ್ತು. ಮೈಮೇಲೆ ಬಿಳಿ ಅಂಗಿ, ಯಾರೋ ಅವಸರದಲ್ಲಿ ಹೊಲಿದದ್ದು. ಎಡತೋಳು ಎರಡು ಬೆರಳಿನಷ್ಟು ಗಿಡ್ಡವಾಗಿ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಅಳುವವರ ನಡುವೆ ನಿಂತು ನಾನು ಆ ತೋಳನ್ನೇ ನೋಡುತ್ತಿದ್ದೆ. ಅವರ ಅಳತೆ ನನಗೆ ಬಾಯಿಪಾಠವಾಗಿತ್ತು, ಈಗಲೂ ಇದೆ. ಒಂದು ಸಲ ಬಂದು ಹೊಲಿ ಎಂದಿದ್ದರೆ ಸಾಕಿತ್ತು... ಬರಲಿಲ್ಲ.