ಅತ್ತೆಯ ಜೊತೆ ಭುಜಂಗಾಸನ

ಗೆಳೆಯರೇ, ಬಿಪಿ ಇಳಿಯಲಿ, ದಿನಕ್ಕೊಂದು ತಾಸಾದರೂ ಒಬ್ಬಳೇ ಇರೋಣ ಎಂದು ಮಹಾರಾಷ್ಟ್ರ ಗಡಿಯ ನಮ್ಮ ಉಮರ್ಗಾದ ಯೋಗ ಶಿಬಿರಕ್ಕೆ ಹೆಸರು ಬರೆಸಿದ್ದೆ. ಇವತ್ತು ಬೆಳಗ್ಗೆ ಅತ್ತೆಯೂ ಜೊತೆಗೆ ಹೊರಟರು.

ಬೋರಲಾಗಿ ಮಲಗಿ ಎದೆ ಎತ್ತುವ ಭುಜಂಗಾಸನ ನಡೆದಿತ್ತು. ಅತ್ತೆ ಮಾತ್ರ ಕೂತೇ ಇದ್ದರು. ಹುಟ್ಟಿದಾಗಿನಿಂದ ಇಷ್ಟಲಿಂಗ ಧರಿಸಿದವರು. ಎದೆಯ ಮೇಲಿನ, ಲಿಂಗವಿರುವ ಬೆಳ್ಳಿ ಕರಡಿಗೆಯನ್ನು ನೆಲಕ್ಕೆ ಒತ್ತಿ ಮಲಗುವುದುಂಟೇ?

ಪುಣೆಯಿಂದ ಬಂದ ಯೋಗ ಗುರುಗಳಿಗೆ ಇದು ತಿಳಿಯದು. "ಆಜಿ, ತೇ ಕಾಢೂನ ಬಾಜೂಲಾ ಠೇವಾ," ಅಜ್ಜಿ, ಅದನ್ನು ತೆಗೆದು ಪಕ್ಕಕ್ಕಿಡಿ ಎಂದರು.

ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಸಿಟ್ಟು ಬಂದರೆ ಮಾತ್ರ ಬರೀ ಕನ್ನಡ.

"ಸತ್ತ ಮ್ಯಾಲೂ ಇದು ಮೈಮ್ಯಾಲೇ ಇರ್ತದ್ರಿ. ನಿಮ್ಮ ಆಸನಕ್ಕ ತೆಗೀಲೇನು?"

ನಾನು ಬೋರಲು ಮಲಗಿದಲ್ಲಿಂದಲೇ ಮರಾಠಿ ಮಾಡಿ ಹೇಳಿದೆ. ಗುರುಗಳು ಪಾಪ, ಕೈಮುಗಿದರು. ಹಾಗಾದರೆ ಒಂದೇ ಕಡೆ ದೃಷ್ಟಿ ನೆಟ್ಟು ಸುಮ್ಮನೆ ಕೂರಿ, ಮನಸ್ಸು ಶಾಂತವಾಗುತ್ತದೆ ಎಂದರು.

"ದಿನಾ ಮುಂಜಾನಿ ಅಂಗೈಯಾಗ ಲಿಂಗ ಇಟ್ಕೊಂಡು ಹಂಗ ಕೂಡ್ತೀನಲ್ರಿ."

ಅದನ್ನೂ ಹೇಳಿದೆ. ಗುರುಗಳ ಕಣ್ಣು ಅರಳಿತು. ಹಾಗಿದ್ದರೆ ಮನಸ್ಸು ಶಾಂತವಾಯಿತೇ ಎಂದು ನಿಜವಾದ ಆಸೆಯಿಂದ ಕೇಳಿದರು.

ಅತ್ತೆ ನನ್ನತ್ತ ಬೆರಳು ತೋರಿಸಿದರು.

"ಈಕಿ ಸೊಸಿಯಾಗಿ ಬಂದ ಮ್ಯಾಲ ಎಲ್ಲೀ ಶಾಂತಿ ರೀ?"

ಕನ್ನಡ ಬಲ್ಲ ಅರ್ಧ ಸಭಾಂಗಣ ಆಗಲೇ ನಗುತ್ತಿತ್ತು. ಗುರುಗಳು ಮಾತ್ರ ಮರಾಠಿಗಾಗಿ ನನ್ನ ಮುಖ ನೋಡುತ್ತಿದ್ದರು. ಅಕ್ಷರ ಬಿಡದೆ ಹೇಳಿದೆ.

ಶವಾಸನಕ್ಕೆ ಇನ್ನೂ ಅರ್ಧ ತಾಸಿತ್ತು. ನಾನು ಆಗಲೇ ಶುರು ಮಾಡಿಬಿಟ್ಟೆ.