ಹೆಣ್ಣು ಸಾಲಿನ ಕಾಡವ್ವ

ಶ್ರಾವಣ ಬಂತೆಂದರೆ ಸಂಗೊಳ್ಳಿಯ ಕಾಡವ್ವ ಬಲಗೈ ಹೆಬ್ಬೆರಳಿನ ಉಗುರು ಕತ್ತರಿಸುವುದಿಲ್ಲ. ಬೀಜದ ಹತ್ತಿಯಲ್ಲಿ ಎರಡು ತಳಿ ಕೂಡಿಸುವ ಕ್ರಾಸಿಂಗ್ ಕೆಲಸಕ್ಕೆ ಅವಳಿಗೆ ಅದೇ ಆಯುಧ. ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಉಗುರಿನಿಂದ ಪಕಳೆ ಸುಲಿದು, ಒಳಗಿನ ಪರಾಗದ ಚೀಲಗಳನ್ನೆಲ್ಲ ಕೆರೆದು ತೆಗೆದು, ನಡುವಿನ ದಂಟನ್ನಷ್ಟೇ ಉಳಿಸಿ ಕೆಂಪು ಕಾಗದ ಮುಚ್ಚಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂ ತಂದು ಆ ದಂಟಿನ ತುದಿಗೆ ಸವರಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವಳ ಗುಂಪು ಮಾಡಿದ ಒಂದು ಪ್ಲಾಟಿನ ಬೀಜವೂ ಕಲಬೆರಕೆ ಎಂದು ವಾಪಸು ಬಂದಿಲ್ಲ. ಈ ಮಾತನ್ನು ಅವಳು ಯಾರೂ ಕೇಳದಿದ್ದರೂ ಹೇಳುತ್ತಾಳೆ. ಹೇಳಲಿ ಬಿಡಿ, ಹೇಳಿಕೊಳ್ಳುವಂಥದ್ದೇ.

ಆ ವರ್ಷ ಸೊಸೆ ಮಾಲಾ ಮೊದಲ ಸಲ ಮಡಿವಾಳೆಪ್ಪ ಗೌಡರ ಹೊಲಕ್ಕೆ ಬಂದಳು. ಮೊದಲ ಸಂಜೆ ಹತ್ತಾರು ದಂಟು ಮುರಿದು ಅತ್ತೆಯಿಂದ ಬೈಸಿಕೊಂಡಳು. ಎರಡನೆಯ ಸಂಜೆ ಒಂದೂ ಮುರಿಯಲಿಲ್ಲ. ಕಾಡವ್ವ ಒಳಗೊಳಗೇ ಹಿಗ್ಗಿದಳು. ಮರುದಿನ ಮುಂಜಾನೆ ಸೊಸೆಯ ಸಾಲಿನ ಕಾಗದ ಎತ್ತಿ ನೋಡಿದಾಗ ಕಾರಣ ತಿಳಿಯಿತು. ದಂಟು ಮುರಿದೀತೆಂಬ ಹೆದರಿಕೆಗೆ ಮಾಲಾ ಬುಡದ ಚೀಲಗಳನ್ನು ಹಾಗೇ ಬಿಟ್ಟಿದ್ದಳು. ಅವು ಒಡೆದು ಹಳದಿ ಪುಡಿ ಆಗಲೇ ತುದಿಗೆ ಅಂಟಿತ್ತು. ಇಡೀ ಸಾಲೇ ಹಾಗೆ.

ಕಾಡವ್ವ ಒಂದೊಂದನ್ನೇ ಚಿವುಟಿ ಒಗೆಯತೊಡಗಿದಳು. ಬದುವಿನ ಮೇಲಿದ್ದ ಗೌಡರು ಓಡಿ ಬಂದರು.

"ಏ ಕಾಡವ್ವಾ, ತಲಿ ಗಿಲಿ ಕೆಟ್ಟೈತೇನ? ಅವೂ ಕಾಯಿ ಆಗತಾವಲ್ಲ!"

"ಆಗತಾವ್ರಿ ಗೌಡ್ರ. ಆದ್ರ ತಮ್ಮ ಪುಡಿ ತಾವ ಹಚಗೊಂಡಾವ. ಪುಡಿ ತುದಿಗಿ ಬಿತ್ತಂದ್ರ ಕಣ್ಣಿಗಿ ಕಾಣದಂಥಾ ನಳಿಗಿ ಬಿಟಗೊಂಡು ಬುಡಕ್ಕ ಇಳೀತೈತಿ. ಅದರಾಗ ಎರಡು ಜೀವ ಇರತಾವ. ಒಂದು ತತ್ತಿ ಕೂಡಿ ಕೂಸು ಆಗತೈತಿ, ಇನ್ನೊಂದರಿಂದ ಆ ಕೂಸಿನ ಗಂಜಿ ಆಗತೈತಿ. ಒಳಗ ಯಾರ ಪುಡಿ ಇಳದೈತಿ ಅಂತ ಕಾಯಿ ನೋಡಿ ಹೇಳಾಕ ಆಗಂಗಿಲ್ಲ."

ಬೀಜದ ಕಂಪನಿಯ ಶೈಲಜಾ ಮೇಡಂ ಒಮ್ಮೆ ಬದುವಿನ ಮೇಲೆ ಕೂತು ಹೇಳಿದ್ದು ಇದು. ಗಂಜಿಯ ಮಾತು ಮಾತ್ರ ಕಾಡವ್ವನ ಸ್ವಂತದ್ದು.

"ಹಂಗಾರ ಮ್ಯಾಲ ಗಂಡು ಹೂ ಸವರಿ ಬಿಡು. ಯಾರಿಗಿ ತಿಳೀತೈತಿ?"

"ಬಿತ್ತಿದಾವಗ ತಿಳೀತೈತ್ರಿ."

ಸಾಲು ಬೋಳಾಯಿತು. ಮಾಲಾ ಬಾಯಿಗೆ ಸೆರಗಿಟ್ಟು ಅತ್ತಳು. ಕಾಡವ್ವ ಆ ಸಾಲನ್ನು ಮತ್ತೊಮ್ಮೆ ತುದಿಯಿಂದ ತುದಿಗೆ ಹುಡುಕಿದಳು. ಕಣ್ತಪ್ಪಿ ನಾಲ್ಕು ಹೂ ಉಳಿದಿದ್ದರೂ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು. ಆ ಸಂಜೆ ಅವಳು ಬೈಯಲಿಲ್ಲ. ಸೊಸೆಯ ಬೆರಳು ಹಿಡಿದು, ಬುಡದಿಂದ ಉಗುರು ಹೇಗೆ ಎಳೆಯಬೇಕೆಂದು ಕತ್ತಲಾಗುವವರೆಗೆ ತೋರಿಸಿದಳು.

ಮುಂದೆ ಕಂಪನಿಯವರು ಆ ಬೀಜವನ್ನು ಬಿತ್ತಿ ಪರೀಕ್ಷೆ ಮಾಡಿದರು. ಗಿಡಗಳೆಲ್ಲ ಒಂದೇ ಎತ್ತರ, ಒಂದೇ ಎಲೆ. ಬೇರೆ ಜಾತಿಯದು ಒಂದೂ ಇರಲಿಲ್ಲ. ಸುದ್ದಿ ಹೇಳಲು ಗೌಡರು ತಾವೇ ಕಾಡವ್ವನ ಮನೆತನಕ ಬಂದರು. ಉಗರಗೋಳದ ಹೊಸ ಪ್ಲಾಟಿನ ಹೆಣ್ಣುಮಕ್ಕಳಿಗೆ ಕೆಲಸ ಕಲಿಸಲು ಶೈಲಜಾ ಮೇಡಂ ಅವಳನ್ನೇ ಕೇಳಿದ್ದರಂತೆ.

"ಮಾಲಾನ್ನ ಕಳಸ್ತೇನ್ರಿ," ಎಂದಳು ಕಾಡವ್ವ.

"ಆ ಸಾಲು ಕೆಡಿಸಿದಾಕಿನ್ನ?"

"ಅಕಿನ್ನ. ಎಲ್ಲಿ ಕೆಡತೈತಿ ಅನ್ನೂದು ನನಗಿಂತ ಅಕಿಗಿ ಚಲೋ ಗೊತ್ತೈತಿ. ಅವತ್ತಿನಿಂದ ಅಕಿ ಸಾಲಿನಾಗ ನಾ ದಿನಾ ಹುಡಿಕೇನ್ರಿ ಗೌಡ್ರ, ಒಂದು ಪುಡಿ ಚೀಲಾನೂ ಸಿಕ್ಕಿಲ್ಲ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಮಾಲಾಳ ಕೈ ಅಲ್ಲಿಗೇ ನಿಂತಿತು.